ನೌಕಾ ಸ್ಮಾರಕ ನೋಡಲು ಹೊರಟಿದ್ದೀರಾ? ಓದುಗರ ಪ್ರಶ್ನೆ, ಹಳೆಯ ಸೇಲರ್ ಉತ್ತರ

ಡಿಸೆಂಬರ್ 4 ನೌಕಾಪಡೆ ದಿನ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರವಾರದ ಚಾಪೆಲ್ ನೌಕೆ, ವಿಶಾಖಪಟ್ಟಣದ ಸಬ್‌ಮರೀನ್, ದಿಯುವಿನ ಸ್ಮಾರಕದ ಬಗ್ಗೆಯೇ ಇವೆ. ನಾನು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು, ಈಗ ಹೊಸನಗರದ ಕಡೆ ತೋಟ ನೋಡಿಕೊಂಡು ಇರುವವನು. 1971ರ ಯುದ್ಧ ಮುಗಿದ ಮೇಲೆ ಸೇರಿದವನು. ಆದರೆ ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಹಿರಿಯರು ಆ ಯುದ್ಧ ಕಂಡವರು. ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ.

ನಮ್ಮದು ಸಾಗರ ತಾಲ್ಲೂಕು, ಅಡಿಕೆ ತೋಟ. ಮಕ್ಕಳು ಏಳನೇ ಕ್ಲಾಸು ಮತ್ತು ನಾಲ್ಕನೇ ಕ್ಲಾಸು. ವಿಶಾಖಪಟ್ಟಣದ ಯುದ್ಧಸ್ಮಾರಕ, ಸಬ್‌ಮರೀನ್ ತೋರಿಸಬೇಕು ಅಂತಿದ್ದೇವೆ. ಯಾವಾಗ ಹೋಗುವುದು? ನೌಕಾಪಡೆ ದಿನಕ್ಕೇ ಹೋದರೆ ಒಳ್ಳೆಯದಾ?

ಡಿಸೆಂಬರ್ 4ಕ್ಕೆ ಬೇಡ. ಆ ದಿನ ಸ್ಮಾರಕಕ್ಕೆ ಅಧಿಕಾರಿಗಳು ಪುಷ್ಪಗುಚ್ಛ ಇಡುತ್ತಾರೆ, ಬೀಚ್ ರಸ್ತೆ ತುಂಬ ಜನ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋದರೆ ಸಮಾಧಾನವಾಗಿ ನಿಂತು ನೋಡಲು ಆಗುವುದಿಲ್ಲ. ಹೇಗೂ ನಿಮ್ಮ ಮನೆಯಲ್ಲಿ ಆಗ ಕೊಯ್ಲಿನ ಗಡಿಬಿಡಿ ಅಲ್ವಾ? ದಸರಾ ರಜೆಯೂ ಬೇಡ. ಅಕ್ಟೋಬರ್, ನವೆಂಬರ್ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಇದೇ ಊರಿಗೆ ಬಂದು ಬಡಿದಿತ್ತು. ಸಂಕ್ರಾಂತಿ ವಾರದಲ್ಲಿ ಆಂಧ್ರದ ರೈಲುಗಳಲ್ಲಿ ಸೀಟು ಸಿಗುವುದು ಕಷ್ಟ. ಬೇಸಿಗೆ ರಜೆಯಲ್ಲಿ ಸೆಖೆ ತಡೆಯಲಾಗದು. ಉಳಿದದ್ದು ಜನವರಿ ಕೊನೆ ಮತ್ತು ಫೆಬ್ರವರಿ. ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಶಾಲೆಗೆ ಮೂರ್ನಾಲ್ಕು ದಿನ ರಜೆ ಹಾಕಿಸಿ. ಈ ಪ್ರವಾಸಕ್ಕೆ ರಜೆ ಕೇಳಿದರೆ ಯಾವ ಮೇಷ್ಟ್ರೂ ಬೇಡ ಅನ್ನಲಿಕ್ಕಿಲ್ಲ.

ಶಿವಮೊಗ್ಗದಿಂದ ಬೆಳಗಿನ ಗಾಡಿಯಲ್ಲಿ ಬೆಂಗಳೂರು, ಅಲ್ಲಿಂದ ಪ್ರಶಾಂತಿ ಎಕ್ಸ್‌ಪ್ರೆಸ್. ಒಂದು ರಾತ್ರಿ ರೈಲಿನಲ್ಲೇ ಕಳೆಯುತ್ತದೆ. ಬೆಂಗಳೂರಿನಲ್ಲಿ ಒಂದು ಗಾಡಿ ಇಳಿದು ಇನ್ನೊಂದು ಹತ್ತಲು ಸ್ಟೇಷನ್ ಬದಲಾಯಿಸಬೇಕಾಗಬಹುದು. ಆದ್ದರಿಂದ ನಡುವೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ವಿಶಾಖಪಟ್ಟಣದಲ್ಲಿ ಎರಡು ಪೂರ್ತಿ ದಿನ ಸಾಕು. ಆ ಎರಡರಲ್ಲಿ ಒಂದು ಸೋಮವಾರ ಆಗದಂತೆ ನೋಡಿಕೊಳ್ಳಿ, ಸಬ್‌ಮರೀನ್ ಮ್ಯೂಸಿಯಂಗೆ ಸೋಮವಾರ ರಜೆ. ಬೇರೆ ದಿನಗಳಲ್ಲೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ ತೆರೆಯುವುದು. ಹೊರಡುವ ಮೊದಲು ಈಗಿನ ಸಮಯ ವಿಚಾರಿಸಿಕೊಳ್ಳಿ.

ಈಗ ಮುಖ್ಯ ವಿಷಯ. ಮಕ್ಕಳಿಗೆ ಊಟದ ಡಬ್ಬಿ ಕಟ್ಟುವ ಮೊದಲು ಘಾಜಿಯ ಕತೆ ಹೇಳಿ. ಅದು ಗೊತ್ತಿಲ್ಲದೆ ಹೋದರೆ ರಾಮಕೃಷ್ಣ ಬೀಚಿನ ‘ವಿಕ್ಟರಿ ಅಟ್ ಸೀ’ ಸ್ಮಾರಕ ಅವರಿಗೆ ಬರೀ ಫೋಟೋ ತೆಗೆಸಿಕೊಳ್ಳುವ ಜಾಗ ಆಗಿಬಿಡುತ್ತದೆ. ಕತೆ ಇಷ್ಟು. 1971ರಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದೇ ವಿಮಾನವಾಹಕ ಹಡಗು, ವಿಕ್ರಾಂತ್. ಅದನ್ನು ಮುಳುಗಿಸಲು ಪಾಕಿಸ್ತಾನ ತನ್ನ ಸಬ್‌ಮರೀನ್ ಘಾಜಿಯನ್ನು ಬಂಗಾಳಕೊಲ್ಲಿಗೆ ಕಳಿಸಿತು. ಅಮೆರಿಕದವರು ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಸಬ್‌ಮರೀನ್ ಅದು, ಆಗಿನ ಹೆಸರು ಡಯಾಬ್ಲೊ. ನಮ್ಮ ಪೂರ್ವ ನೌಕಾ ಕಮಾಂಡ್ ಆಗ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರ ಕೈಯಲ್ಲಿತ್ತು. ಅವರು ವಿಕ್ರಾಂತನ್ನು ಸದ್ದಿಲ್ಲದೆ ಅಂಡಮಾನ್ ಕಡೆ ಕಳಿಸಿದರು. ಇತ್ತ ರಜಪೂತ್ ಎನ್ನುವ ಹಳೆಯ ಹಡಗಿಗೆ ವಿಕ್ರಾಂತ್ ಥರವೇ ರೇಡಿಯೋ ಸಂದೇಶ ಕಳಿಸುವ ಕೆಲಸ ಕೊಟ್ಟರು. ಘಾಜಿ ಅದನ್ನೇ ನಂಬಿ ವಿಶಾಖಪಟ್ಟಣದ ಬಾಗಿಲಿಗೆ ಬಂತು. ಡಿಸೆಂಬರ್ 3ರ ರಾತ್ರಿ ಕಳೆದು 4 ಆಗುವ ಹೊತ್ತಿಗೆ ಅಲ್ಲೇ ಮುಳುಗಿತು. ರಜಪೂತ್ ಹಾಕಿದ ಡೆಪ್ತ್ ಚಾರ್ಜಿನಿಂದ, ಅಂದರೆ ನೀರಿನ ಆಳದಲ್ಲಿ ಸಿಡಿಯುವ ಬಾಂಬಿನಿಂದ ಎಂದು ನಮ್ಮವರು ಹೇಳುತ್ತಾರೆ. ನೀರಿನಲ್ಲಿ ಹುದುಗಿಸಿಡುವ ತಮ್ಮದೇ ಮೈನ್ ಸಿಡಿದು ಎಂದು ಪಾಕಿಸ್ತಾನದವರು ಹೇಳುತ್ತಾರೆ. ಅದರಲ್ಲಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸ್ಮಾರಕದ ಮುಂದೆ ಸಮುದ್ರಕ್ಕೆ ಮುಖ ಮಾಡಿ ನಿಂತು ಮಕ್ಕಳಿಗೆ ತೋರಿಸಿ: ಘಾಜಿ ಇವತ್ತಿಗೂ ಅದೇ ನೀರಿನ ತಳದಲ್ಲಿದೆ. ಗೆದ್ದದ್ದನ್ನು ಹೇಳುವಾಗ ಅವರ ಸಾವನ್ನೂ ಹೇಳಿ. ಸಮುದ್ರದಲ್ಲಿ ಕೆಲಸ ಮಾಡಿದ ನಾವು ಯಾರೂ ಅದನ್ನು ಬಿಟ್ಟು ಹೇಳುವುದಿಲ್ಲ.

ಆ ಸ್ಮಾರಕ ಕಟ್ಟಿದ್ದು 1996ರಲ್ಲಿ. ಅಲ್ಲಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಕುರ್ಸುರಾ ಇದೆ. 1969ರಲ್ಲಿ ಸೋವಿಯತ್ ದೇಶದಿಂದ ಬಂದ ಸಬ್‌ಮರೀನ್, 1971ರ ಯುದ್ಧದಲ್ಲೂ ಗಸ್ತು ತಿರುಗಿದ್ದು. 2001ರಲ್ಲಿ ನಿವೃತ್ತಿಯಾಯಿತು. ಮರಳಿಗೆ ಎಳೆದು ತಂದು 2002ರ ಆಗಸ್ಟಿನಲ್ಲಿ ಜನರಿಗೆ ತೆರೆದರು. 91 ಮೀಟರ್ ಉದ್ದ. ಹೊರಗಿನಿಂದ ನೋಡಿದರೆ ಎಷ್ಟು ದೊಡ್ಡದು ಅನ್ನಿಸುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಇಷ್ಟೇನಾ ಅನ್ನಿಸುತ್ತದೆ. ಅಲ್ಲಿ 70ಕ್ಕೂ ಹೆಚ್ಚು ಜನ ತಿಂಗಳುಗಟ್ಟಲೆ ಇರುತ್ತಿದ್ದರು.

ಒಳಗೆ ಗೈಡ್ ಆಗಿ ಇರುವವರು ನೌಕಾಪಡೆಯಿಂದ ನಿವೃತ್ತರಾದವರು. ಜನ ಅವರನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಇಂಜಿನ್ ಕೋಣೆಯಲ್ಲಿ ನಿಲ್ಲಿ. ಮೂರು ಡೀಸೆಲ್ ಇಂಜಿನ್ ಇವೆ, ಮೂರು ಪ್ರೊಪೆಲರ್ ತಿರುಗಿಸಲು. ದೊಡ್ಡ ಮಗನಿಗೋ ಮಗಳಿಗೋ ಒಂದು ಪ್ರಶ್ನೆ ಹಾಕಿ: ಇಂಜಿನ್ ಓಡಲು ಗಾಳಿ ಬೇಕು, ನೀರಿನ ಕೆಳಗೆ ಗಾಳಿ ಎಲ್ಲಿಂದ? ಉತ್ತರ ಇರುವುದು ಅವರ ಕಾಲಿನ ಕೆಳಗೆ. ನಡೆಯುವ ನೆಲದಡಿ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ನೀರಿನೊಳಗೆ ಓಡುವುದು ಬ್ಯಾಟರಿ ಮತ್ತು ಮೋಟಾರಿನಿಂದ. ಬ್ಯಾಟರಿ ಇಳಿಯುತ್ತಾ ಬಂದರೆ ಮೇಲ್ಮೈ ಹತ್ತಿರ ಬಂದು, ಕೊಳವೆಯೊಂದನ್ನು ನೀರಿನ ಮೇಲೆ ಚಾಚಿ, ಗಾಳಿ ಎಳೆದುಕೊಂಡು ಡೀಸೆಲ್ ಓಡಿಸಿ ಚಾರ್ಜ್ ಮಾಡಬೇಕು. ಶತ್ರುವಿನ ಕಣ್ಣಿಗೆ ಬೀಳುವ ಭಯ ಜಾಸ್ತಿ ಇರುವುದು ಆಗಲೇ. ಆಮೇಲೆ ಮುಂದಿನ ಟಾರ್ಪಿಡೊ ಕೋಣೆಗೆ ಹೋಗಿ. ಟಾರ್ಪಿಡೊ ಎಂದರೆ ನೀರಿನೊಳಗೇ ಓಡಿ ಹೋಗಿ ಹಡಗಿಗೆ ಬಡಿಯುವ ಬಾಂಬ್. ಅದನ್ನು ಹಾರಿಸುವ ಟ್ಯೂಬುಗಳು ಮುಂದೆ ಆರು, ಹಿಂದೆ ನಾಲ್ಕು. ಟಾರ್ಪಿಡೊ ಇಡುವ ಆ ಜಾಗದಲ್ಲೇ ಸೇಲರ್‌ಗಳ ಬಂಕ್ ಕೂಡ ಇವೆ. ಒಂದು ಬಂಕಿನ ಅಗಲ ನೋಡಿ. ಒಬ್ಬ ಕಾವಲು ಮುಗಿಸಿ ಬಂದು ಮಲಗುವಾಗ, ಅಲ್ಲಿಂದ ಎದ್ದವನು ಕೆಲಸಕ್ಕೆ ಹೋಗಿರುತ್ತಾನೆ. ಸ್ನಾನಕ್ಕೆ ನೀರಿಲ್ಲ, ಬಟ್ಟೆಗೆಲ್ಲ ಡೀಸೆಲ್ ವಾಸನೆ. ಇದನ್ನೆಲ್ಲ ಗೈಡ್ ಬಾಯಿಂದಲೇ ಕೇಳಿಸಿ. ನಾನು ಮೇಲಿನ ಹಡಗಿನಲ್ಲಿ ಇದ್ದವನು. ಸಬ್‌ಮರೀನಿನವರ ಬಗ್ಗೆ ನಮಗೆಲ್ಲ ಬೇರೆಯೇ ಗೌರವ.

ಎದುರಿಗೇ ಟುಪೊಲೆವ್ 142 ವಿಮಾನ ಇದೆ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಸಬ್‌ಮರೀನ್ ಹುಡುಕುತ್ತಿದ್ದ ವಿಮಾನ. 29 ವರ್ಷ ಹಾರಿ 2017ರಲ್ಲಿ ಅರಕ್ಕೋಣಂನ ರಾಜಾಳಿ ನೆಲೆಯಲ್ಲಿ ನಿವೃತ್ತಿಯಾಯಿತು. ಸಬ್‌ಮರೀನ್ ನೋಡಿದ ಮೇಲೆ ಇದನ್ನು ನೋಡಿದರೆ ಚೆನ್ನಾಗಿ ಅರ್ಥ ಆಗುತ್ತದೆ, ಒಂದು ಅಡಗುವುದು, ಇನ್ನೊಂದು ಹುಡುಕುವುದು. ಎರಡನೇ ದಿನ ವಿಶಾಖ ಮ್ಯೂಸಿಯಂಗೆ ಹೋಗಿ. 1942ರ ಏಪ್ರಿಲ್‌ನಲ್ಲಿ ಜಪಾನಿನವರು ಈ ಊರಿನ ಮೇಲೆ ಹಾಕಿದ, ಸಿಡಿಯದೆ ಉಳಿದ ಬಾಂಬ್ ಅಲ್ಲಿದೆ. ನಮ್ಮ ದೇಶದ ಕರಾವಳಿಯ ಮೇಲೆ ಜಪಾನ್ ಬಾಂಬ್ ಹಾಕಿತ್ತು ಎನ್ನುವುದು ದೊಡ್ಡವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಮ್ಮನಿಗೆ 70 ದಾಟಿದೆ, ಮಂಡಿ ನೋವು. ಸಬ್‌ಮರೀನ್ ಒಳಗೆ ಕರೆದುಕೊಂಡು ಹೋಗಬಹುದಾ? (ತೀರ್ಥಹಳ್ಳಿಯ ಓದುಗರು)

ಬೇಡ. ಮೆಟ್ಟಿಲು ಹತ್ತಿ ಒಳಗೆ ಇಳಿಯಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ದುಂಡಗೆ, ನೆಲಕ್ಕಿಂತ ಎತ್ತರದಲ್ಲಿ ಇರುತ್ತದೆ. ನಮ್ಮ ಹಳೇ ಮನೆಗಳ ಅಟ್ಟದ ಕಿಂಡಿಯಲ್ಲಿ ನುಸುಳಿದ ಹಾಗೆ ಮೊದಲು ಒಂದು ಕಾಲು, ಆಮೇಲೆ ತಲೆ ಬಗ್ಗಿಸಿ ಮೈ, ಕೊನೆಗೆ ಇನ್ನೊಂದು ಕಾಲು. ಹಿಂದೆ ಜನ ಬರುತ್ತಲೇ ಇರುತ್ತಾರೆ, ನಡುವೆ ತಿರುಗಿ ಬರುವುದು ಕಷ್ಟ. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರೂ ಹೋಗಬಾರದು. ಅಮ್ಮನನ್ನು ಒಬ್ಬರೇ ಹೊರಗೆ ಕೂರಿಸಿ ಎಲ್ಲರೂ ಒಳಗೆ ಹೋಗಬೇಡಿ. ಇಬ್ಬರು ಮೊದಲು, ಇಬ್ಬರು ಆಮೇಲೆ ಹೋಗಿ. ಸಂಜೆ ನಾಲ್ಕರ ಮೇಲೆ ಹೋದರೆ ಬೀಚ್ ಕಡೆ ಬಿಸಿಲು ಕಡಿಮೆ, ಅವರಿಗೂ ಹಿತ.

ಶಿವಮೊಗ್ಗದ ಹೈಸ್ಕೂಲ್ ಶಿಕ್ಷಕಿ ನಾನು. ಮಕ್ಕಳನ್ನು ಕಾರವಾರದ ಚಾಪೆಲ್ ಯುದ್ಧನೌಕೆಗೆ ಕರೆದುಕೊಂಡು ಹೋಗುವವರಿದ್ದೇವೆ. ಅದು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಎಂದು ಎಲ್ಲ ಕಡೆ ಓದಿದ್ದೇನೆ. ಮಕ್ಕಳಿಗೆ ಏನು ಹೇಳಿಕೊಡಲಿ?

ಮೇಡಂ, ಕೇಳಿದ್ದು ಬಹಳ ಒಳ್ಳೆಯದಾಯಿತು. ಈ ಮಾತು ಎಲ್ಲ ಕಡೆ ಓಡಾಡುತ್ತಿದೆ, ಆದರೆ ಸರಿಯಲ್ಲ. ಚಾಪೆಲ್ ನೌಕಾಪಡೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದ ದೋಣಿಗಳು ಅದರ ಅಕ್ಕಂದಿರು. ಸೋವಿಯತ್ ದೇಶದ ಓಸಾ ಎನ್ನುವ ಕ್ಷಿಪಣಿ ದೋಣಿಗಳಲ್ಲಿ ಮೊದಲ ಮಾದರಿಯವು 1971ರಲ್ಲಿ ನಮಗೆ ಬಂದವು. ಅದರ ಮುಂದಿನ ಮಾದರಿ ಚಾಪೆಲ್. ಮೈಕಟ್ಟು ಒಂದೇ, ಎರಡೂ ಕಡೆ ಸೇರಿ ನಾಲ್ಕು ಕ್ಷಿಪಣಿ, ಮುಂದೆ ಹಿಂದೆ ಗನ್. ಹಾಗಾಗಿ ಚಾಪೆಲ್ ಡೆಕ್ ಮೇಲೆ ನಿಂತರೆ ಕರಾಚಿಗೆ ಹೋದವರು ಎಂಥ ದೋಣಿಯಲ್ಲಿ ಹೋದರು ಎನ್ನುವುದನ್ನು ಕಣ್ಣಾರೆ ನೋಡಬಹುದು. ಅಷ್ಟು ಸಾಕಲ್ವಾ? ಇಲ್ಲದ ಗೌರವವನ್ನು ಅದಕ್ಕೆ ಹೊರಿಸಿದರೆ ನಿಜವಾಗಿ ಹೋದವರ ಹೆಸರು ಮರೆತುಹೋಗುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ಹೋದದ್ದು ನಿಪಾತ್, ನಿರ್ಘಾತ್, ವೀರ್. ಈ ಮೂರು ಹೆಸರು ಬೋರ್ಡಿನ ಮೇಲೆ ಬರೆಸಿ. ಇವು ಬರೀ 38 ಮೀಟರ್ ಉದ್ದದ ದೋಣಿಗಳು. ಬಂದರು ಕಾಯಲು ಮಾಡಿದವು, ದೂರ ಹೋಗುವಷ್ಟು ಇಂಧನ ಹಿಡಿಯುವುದಿಲ್ಲ. ಸೋವಿಯತ್ ದೇಶದಿಂದ ಹಡಗಿನ ಮೇಲೆ ಹೇರಿಕೊಂಡು ಬಂದಾಗ ಬೊಂಬಾಯಿಯಲ್ಲಿ ಇಳಿಸುವಷ್ಟು ದೊಡ್ಡ ಕ್ರೇನ್ ಇರಲಿಲ್ಲ. ಕಲ್ಕತ್ತಾದಲ್ಲಿ ಇಳಿಸಿ, ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಸುತ್ತು ಹಾಕಿ ಎಳೆದುಕೊಂಡು ಬಂದರು. ಅಂಥ ದೋಣಿಗಳನ್ನು ಕರಾಚಿವರೆಗೆ ಒಯ್ಯುವುದು ಎಂದು ನಮ್ಮವರು ತೀರ್ಮಾನಿಸಿದರು. ಜೊತೆಗೆ ಕಿಲ್ಟಾನ್, ಕಚ್ಚಲ್ ಎನ್ನುವ ದೊಡ್ಡ ನೌಕೆಗಳು, ಇಂಧನಕ್ಕೆ ಪೋಷಕ್ ಎನ್ನುವ ಟ್ಯಾಂಕರ್. ನಾಯಕತ್ವ ಕಮಾಂಡರ್ ಬಬ್ರು ಭಾನ್ ಯಾದವ್ ಅವರದು, ಆಮೇಲೆ ಮಹಾವೀರ ಚಕ್ರ ಪಡೆದವರು. ಡಿಸೆಂಬರ್ 4ರ ರಾತ್ರಿ ನಿರ್ಘಾತ್ ಹೊಡೆದ ಕ್ಷಿಪಣಿಗೆ ಖೈಬರ್ ಎನ್ನುವ ಪಾಕಿಸ್ತಾನಿ ಯುದ್ಧನೌಕೆ ಮುಳುಗಿತು. ಹೊಡೆದದ್ದು ದೋಣಿ ಎಂದು ಅವರಿಗೆ ಗೊತ್ತೇ ಆಗಲಿಲ್ಲ, ವಿಮಾನ ದಾಳಿ ಎಂದುಕೊಂಡರು. ಮುಹಾಫಿಜ್ ಎನ್ನುವ ಮೈನ್ ಗುಡಿಸುವ ಹಡಗೂ ಮುಳುಗಿತು. ಬಂದರಿನ ತೈಲದ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ನೌಕಾಪಡೆ ದಿನ ಡಿಸೆಂಬರ್ 4ಕ್ಕೆ ಬಂದದ್ದು ಇದರಿಂದ.

ಒಂದು ಸಲಹೆ. ಬಸ್ ಹತ್ತುವ ಮೊದಲೇ ಒಂದೊಂದು ಹಡಗಿನ ಹೆಸರನ್ನು ನಾಲ್ಕೈದು ಮಕ್ಕಳ ಗುಂಪಿಗೆ ಹಂಚಿ. ಡೆಕ್ ಮೇಲೆ ನಿಂತು ಆ ಗುಂಪು ತನ್ನ ಹಡಗಿನ ಕತೆ ಹೇಳಬೇಕು. ಪೋಷಕ್ ಪಾಲಿಗೆ ಬಂದ ಮಕ್ಕಳು ಮೊದಲು ಮುಖ ಸಣ್ಣ ಮಾಡಬಹುದು. ಎಣ್ಣೆ ಹೊತ್ತವರಿಲ್ಲದೆ ವಾಪಸ್ ಬರುವುದು ಹೇಗೆ ಎಂದು ಅವರಿಂದಲೇ ಉಳಿದವರಿಗೆ ಹೇಳಿಸಿ. ಇಂಜಿನ್ ರೂಮಿನವನಾಗಿ ಈ ಮಾತು ಕೇಳಿಕೊಳ್ಳುತ್ತಿದ್ದೇನೆ.

ದಾರಿ ನಿಮಗೆ ಗೊತ್ತಿದ್ದದ್ದೇ: ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ಘಾಟಿ, ಹೊನ್ನಾವರ, ಅಲ್ಲಿಂದ ಹೆದ್ದಾರಿ. 240 ಕಿಲೋಮೀಟರ್ ಆಸುಪಾಸು. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಎಂದು ಹೊರಡಬೇಡಿ. ಮಕ್ಕಳು ಸುಸ್ತಾಗಿ ಹಡಗಿನ ಮುಂದೆ ಕೂತುಬಿಡುತ್ತಾರೆ. ಒಂದು ರಾತ್ರಿ ಉಳಿಯಿರಿ. ಮಳೆಗಾಲದಲ್ಲಂತೂ ಖಂಡಿತ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಚಾಪೆಲ್ ಇರುವುದು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಗೆ ಅಂಟಿಕೊಂಡೇ. ಅದರ ಹತ್ತಿರವೇ ಈಗ ಒಂದು ಟುಪೊಲೆವ್ ವಿಮಾನವನ್ನೂ ನಿಲ್ಲಿಸಿದ್ದಾರೆ. ವಿಶಾಖಪಟ್ಟಣದವರೆಗೆ ಹೋಗಲಾಗದ ಮಕ್ಕಳಿಗೆ ಅದು ದೊಡ್ಡ ಅನುಕೂಲ. ವಾರದ ರಜೆ ಯಾವ ದಿನ, ಗುಂಪಿಗೆ ಎಷ್ಟು ಟಿಕೆಟ್ ಎಂದು ಮೊದಲೇ ಕೇಳಿಕೊಳ್ಳಿ.

ಅಪ್ಪ ವಿಕ್ರಾಂತ್ ಹಡಗಿನಲ್ಲಿ ಇದ್ದರು, 1971ರಲ್ಲೂ. ಅವರು ತೀರಿಕೊಂಡು ವರ್ಷಗಳಾದವು. ಅವರು ಕೆಲಸ ಮಾಡಿದ ಜಾಗವನ್ನು ಒಮ್ಮೆ ನೋಡಬೇಕು. ಎಲ್ಲಿಗೆ ಹೋಗಲಿ? (ಕೊಪ್ಪದ ಓದುಗರು)

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಹಡಗು ಈಗ ಇಲ್ಲ. 1997ರಲ್ಲಿ ನಿವೃತ್ತಿಯಾಯಿತು, ಮುಂಬೈನಲ್ಲಿ 2012ರವರೆಗೆ ಮ್ಯೂಸಿಯಂ ಆಗಿತ್ತು, ಆಮೇಲೆ ಒಡೆದರು. ಉಳಿಸಿಕೊಳ್ಳಬೇಕಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಅದರ ಉಕ್ಕಿನಿಂದ ಮಾಡಿದ ಒಂದು ಸ್ಮಾರಕ ಮುಂಬೈಯಲ್ಲಿ ನೌಕಾಪಡೆಯ ಡಾಕ್‌ಯಾರ್ಡ್ ಹೊರಗೆ ರಸ್ತೆಯಲ್ಲಿದೆ, 2016ರಲ್ಲಿ ನಿಲ್ಲಿಸಿದ್ದು.

ಆದರೆ ನಿಮಗೆ ನಾನು ಹೇಳುವುದು ಗೋವಾ. ವಾಸ್ಕೊ ಹತ್ತಿರದ ಬೊಗ್ಮಾಲೊದಲ್ಲಿ ನೌಕಾ ವಿಮಾನ ಮ್ಯೂಸಿಯಂ ಇದೆ, ಕಾರವಾರದಿಂದ ಎರಡು ಮೂರು ಗಂಟೆ ದಾರಿ. ಅಲ್ಲಿ ಸೀ ಹಾಕ್ ಮತ್ತು ಅಲಿಜೆ ವಿಮಾನಗಳಿವೆ. 1971ರ ಡಿಸೆಂಬರಿನಲ್ಲಿ ವಿಕ್ರಾಂತ್ ಡೆಕ್‌ನಿಂದ ಎದ್ದು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ವಿಮಾನಗಳು. ಸೀ ಹಾಕ್ ರೆಕ್ಕೆ ನೋಡಿ. ಅದು ಮಡಚುವ ರೆಕ್ಕೆ, ಹಡಗಿನಲ್ಲಿ ಜಾಗ ಕಡಿಮೆ ಎಂದು. ಹಿಂದೆ ಬಾಲದ ಕೆಳಗೆ ಒಂದು ಕೊಕ್ಕೆ ಇರುತ್ತದೆ. ಇಳಿಯುವಾಗ ಡೆಕ್ ಮೇಲೆ ಅಡ್ಡ ಕಟ್ಟಿದ ತಂತಿಗೆ ಅದು ಸಿಕ್ಕಿಕೊಂಡು ವಿಮಾನ ನಿಲ್ಲಬೇಕು. ಅಪ್ಪ ಯಾವ ವಿಭಾಗದಲ್ಲಿ ಇದ್ದರೋ ನೀವು ಬರೆದಿಲ್ಲ. ಡೆಕ್ ಮೇಲೆ ಇದ್ದಿದ್ದರೆ ಆ ಕೊಕ್ಕೆ ತಂತಿಗೆ ಬೀಳುವ ಸದ್ದು ದಿನವೂ ಕೇಳಿರುತ್ತಾರೆ. ಕೆಳಗೆ ಬಾಯ್ಲರ್ ಹತ್ತಿರ ಇದ್ದಿದ್ದರೆ, ವಿಮಾನ ಮೇಲೆಸೆಯುವ ಕೆಟಪುಲ್ಟಿಗೆ ಉಗಿ ಕೊಟ್ಟದ್ದು ಅವರೇ. ಅದು ಉಗಿಯಿಂದಲೇ ಓಡುತ್ತಿತ್ತು. ಈ ಮ್ಯೂಸಿಯಂಗೂ ಸೋಮವಾರ ರಜೆ.

ಹೋಗುವ ಮೊದಲು ಮನೆಯಲ್ಲಿರುವ ಅವರ ಡಿಸ್ಚಾರ್ಜ್ ಪುಸ್ತಕ ಹುಡುಕಿ. ಯಾವ ವರ್ಷ ಯಾವ ಹಡಗು ಎಂದು ಅದರಲ್ಲಿರುತ್ತದೆ. ಸಿಗದಿದ್ದರೆ ಅವರ ಸರ್ವಿಸ್ ನಂಬರ್ ಹಿಡಿದುಕೊಂಡು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಸೇಲರ್‌ಗಳ ದಾಖಲೆ ಇರುವುದು ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್ ಕಚೇರಿಯಲ್ಲಿ. ಪತ್ರ ಹೇಗೆ ಬರೆಯುವುದು ಎಂದು ಅವರು ತಿಳಿಸುತ್ತಾರೆ.

ದಿಯುವಿನಲ್ಲಿರುವ ಖುಕ್ರಿ ಸ್ಮಾರಕಕ್ಕೆ ಅಷ್ಟು ದೂರ ಹೋಗುವುದು ಸಾರ್ಥಕವಾ? ಬರೀ ಒಂದು ಮಾದರಿ ಹಡಗು ಇದೆಯಂತೆ. (ಸೊರಬದ ಓದುಗರು)

ಹೌದು, ಗಾಜಿನೊಳಗೆ ಒಂದು ಮಾದರಿ ಹಡಗು. ಚಕ್ರತೀರ್ಥ ಕಡಲತೀರದ ಗುಡ್ಡದ ಮೇಲೆ, ಸಮುದ್ರಕ್ಕೆ ಮುಖ ಮಾಡಿ ಇಟ್ಟಿದ್ದಾರೆ. ನೋಡಲು ಹತ್ತು ನಿಮಿಷ ಸಾಕು. ಆದರೂ ಹೋಗಿ ಎನ್ನುತ್ತೇನೆ. ಕರಾಚಿಯ ಕತೆ ಹೇಳಿ ಖುಕ್ರಿಯನ್ನು ಬಿಟ್ಟರೆ ಯುದ್ಧದ ಅರ್ಧವನ್ನೇ ಹೇಳಿದಂತೆ.

1971ರ ಡಿಸೆಂಬರ್ 9ರ ರಾತ್ರಿ ನಮ್ಮ ಯುದ್ಧನೌಕೆಗಳಾದ ಖುಕ್ರಿ ಮತ್ತು ಕಿರ್ಪಾಣ್ ಒಂದು ಪಾಕಿಸ್ತಾನಿ ಸಬ್‌ಮರೀನ್ ಹುಡುಕುತ್ತಿದ್ದವು. ಹಂಗೋರ್ ಅದರ ಹೆಸರು. ಅದೇ ಇವರನ್ನು ಮೊದಲು ಕಂಡಿತು. ಟಾರ್ಪಿಡೊ ಬಡಿದು ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ಸೇಲರ್‌ಗಳು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಾವು ಪಾರಾಗಲು ನೋಡಲಿಲ್ಲ. ಉಳಿದವರನ್ನು ನೀರಿಗೆ ಇಳಿಸುತ್ತಾ ಹಡಗಿನೊಂದಿಗೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅಷ್ಟು ಬೇಗ ಮುಳುಗುವ ಹಡಗಿನ ತಳದಲ್ಲಿ, ಇಂಜಿನ್ ಹತ್ತಿರ ಇದ್ದವರಿಗೆ ಏಣಿಯವರೆಗೆ ಬರಲು ಸಮಯ ಇರುವುದಿಲ್ಲ. ಆ ಕೆಲಸ ಮಾಡಿದವನಾದ್ದರಿಂದ ಇದು ನನಗೆ ಗೊತ್ತು.

ತಿರುವನಂತಪುರದಿಂದ ವೆರಾವಲ್‌ಗೆ ವಾರಕ್ಕೊಂದು ರೈಲು ಕೊಂಕಣ ಹಾದಿಯಲ್ಲೇ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ ಟಿಕೆಟ್ ಮಾಡಿ. ವೆರಾವಲ್‌ನಿಂದ ದಿಯುಗೆ ಬಸ್ ಅಥವಾ ಟ್ಯಾಕ್ಸಿ. ಸೋಮನಾಥ ದೇವಸ್ಥಾನ ವೆರಾವಲ್ ಪಕ್ಕದಲ್ಲೇ, ಮನೆಯ ಹಿರಿಯರನ್ನು ಒಪ್ಪಿಸಲು ಅದು ಅನುಕೂಲ. ಅಷ್ಟು ದೂರ ಆಗದಿದ್ದರೆ, ದಿಲ್ಲಿಗೆ ಹೋದಾಗ ಇಂಡಿಯಾ ಗೇಟ್ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗಿ. 2019ರಲ್ಲಿ ತೆರೆದದ್ದು, ಪ್ರವೇಶಕ್ಕೆ ದುಡ್ಡಿಲ್ಲ. ಸುತ್ತಿನ ಗೋಡೆಗಳ ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರೂ ಕೆತ್ತಿದೆ.

ಕಾರವಾರದಲ್ಲಿ ಹಡಗು ನೋಡಿ ಬಂದೆ. ನಾನು ಹತ್ತನೇ ಕ್ಲಾಸು. ಹುಡುಗಿಯರು ಸೇಲರ್ ಆಗಬಹುದಾ? (ರಿಪ್ಪನ್‌ಪೇಟೆಯ ವಿದ್ಯಾರ್ಥಿನಿ)

ಆಗಬಹುದು ಮಗಾ. ನನ್ನ ಕಾಲದಲ್ಲಿ ಇರಲಿಲ್ಲ, ಈಗ ಇದೆ. 2023ರ ಮಾರ್ಚ್‌ನಲ್ಲಿ ಒಡಿಶಾದ ಚಿಲ್ಕಾ ತರಬೇತಿ ಕೇಂದ್ರದಿಂದ ಹೊರಬಂದ ಮೊದಲ ಅಗ್ನಿವೀರ್ ತಂಡದಲ್ಲೇ 270ಕ್ಕೂ ಹೆಚ್ಚು ಹುಡುಗಿಯರಿದ್ದರು. ಇಂಜಿನ್, ರೇಡಾರ್, ಕ್ಷಿಪಣಿ ಕಡೆಯ ಕೆಲಸ ಬೇಕಿದ್ದರೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಲೇಬೇಕು. ಕಾಲೇಜು ಸೇರುವಾಗ ಅದನ್ನು ನೋಡಿ ಸೇರು. ಈಜು ಬರುತ್ತಾ? ಬರದಿದ್ದರೆ ಈ ಬೇಸಿಗೆಯಲ್ಲೇ ಕಲಿ, ಹೊಳೆಯಲ್ಲಿ ಒಬ್ಬಳೇ ಅಲ್ಲ, ಕಲಿಸುವವರು ಇರುವ ಕಡೆ. ಬೇರೇನು ಕೇಳಬೇಕಿದ್ದರೂ ಬರೆ, ಇಂಜಿನ್ ಬಗ್ಗೆ ಆದರೆ ಇನ್ನೂ ಖುಷಿ.